ಕಡಲಿನಿಂದ ತುಸು ಈಚೆಗಿನ ಮನೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಕರಾವಳಿಗೆ ಹೊರಡುವವರು ಉಳಿಯುವ ಜಾಗದ ಬಗ್ಗೆ ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: ಕೋಣೆಯಿಂದ ಕಡಲು ಕಾಣುತ್ತದೆಯೇ? ನಮ್ಮ ದೊಡ್ಡಮ್ಮನ ಹಳೆಯ ಹಂಚಿನ ಮನೆಯನ್ನು ದುರಸ್ತಿ ಮಾಡಿಸಿ, ಒಂದು ಸಲಕ್ಕೆ ಒಂದೇ ಕುಟುಂಬಕ್ಕೆಂದು ಕೊಡಲು ಆರಂಭಿಸಿದ ಮೇಲೆ ಈ ಪ್ರಶ್ನೆಯನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಕಾಣುವುದಿಲ್ಲ, ಆದರೆ ರಾತ್ರಿಯಿಡೀ ಕೇಳುತ್ತದೆ ಎಂಬುದು ನನ್ನ ಉತ್ತರ. ಕೆಲವರು ಅಲ್ಲಿಗೇ ಮಾತು ಮುಗಿಸುತ್ತಾರೆ. ಉಳಿದವರಿಗೆ ಹೇಳುವ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಮಕ್ಕಳಿರುವ ಸಂಸಾರಕ್ಕೆ ಕಡಲತೀರದಲ್ಲಿ ನಿಜವಾದ ನೆಮ್ಮದಿ ಸಿಗುವುದು ಕಡಲಿಗೆ ಎದುರಾಗಿ ನಿಂತ ಕಟ್ಟಡದಲ್ಲಿ ಅಲ್ಲ, ಕಡಲಿನಿಂದ ತುಸು ಈಚೆಗೆ, ತೆಂಗಿನ ತೋಟದ ಮರೆಯಲ್ಲಿರುವ ಮನೆಯಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮನೆ ಇರುವುದು ಕುಂದಾಪುರದಿಂದ ಉತ್ತರಕ್ಕೆ, ಮರವಂತೆಯನ್ನು ದಾಟಿ ಬೈಂದೂರಿನ ಕಡೆಗೆ ಹೋಗುವ ದಾರಿಯಲ್ಲಿ. ಮರವಂತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಯಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ ನದಿ ಇರುವ ಆ ಜಾಗದ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಕೊಲ್ಲೂರಿನ ಮೂಲಕ ಹರಿದು ಬರುವ ಸೌಪರ್ಣಿಕೆ ಅಲ್ಲಿ ಕಡಲಿಗೆ ಕೂಗಳತೆಯ ದೂರಕ್ಕೆ ಬಂದೂ ಅದನ್ನು ಸೇರದೆ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯಲ್ಲಿ ಉಳಿದ ನದಿಗಳ ಜೊತೆಗೂಡಿ ಸಮುದ್ರವನ್ನು ಸೇರುತ್ತದೆ. ಇಂತಹ ನೆಲದಲ್ಲಿ ನೀರು ಎಲ್ಲ ದಿಕ್ಕಿನಿಂದಲೂ ಹತ್ತಿರವಿರುತ್ತದೆ. ಹಾಗಾಗಿ ಮನೆಯನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ನಮ್ಮ ಹಿರಿಯರು ಬಹಳ ಯೋಚಿಸಿಯೇ ತೀರ್ಮಾನಿಸುತ್ತಿದ್ದರು.

ಅಲೆ ಬಂದು ತಾಗುವ ಮರಳಿನಿಂದ ನಮ್ಮ ಮನೆಯತ್ತ ನಡೆದು ಬಂದರೆ ಈ ಯೋಚನೆ ಕಣ್ಣಿಗೆ ಕಾಣುತ್ತದೆ. ಮೊದಲು ಸಿಗುವುದು ಬಂಗಡಬಳ್ಳಿ ಹಬ್ಬಿದ ಮರಳ ದಿಬ್ಬ, ಅದರ ನಡುನಡುವೆ ರಾವಣನ ಮೀಸೆ ಎಂದು ಕರೆಯುವ ಮುಳ್ಳುಹುಲ್ಲು. ಇವೆರಡೂ ಸಡಿಲ ಮರಳನ್ನು ಬೇರಿನಲ್ಲಿ ಹಿಡಿದಿಡುವ ಸಸ್ಯಗಳು. ಇವನ್ನು ಕಿತ್ತು ಚೊಕ್ಕಟ ಮಾಡಿದ ಕಡೆ ದಿಬ್ಬ ನಿಲ್ಲುವುದಿಲ್ಲ. ಅದರಾಚೆ ಗಾಳಿಮರಗಳ ಸಾಲು, ಆಮೇಲೆ ತೆಂಗಿನ ತೋಟ, ಅದರ ಈಚೆ ತುದಿಯಲ್ಲಿ ಮನೆ. ಉಪ್ಪು ಹೊತ್ತು ಬರುವ ಗಾಳಿಯ ರಭಸವನ್ನು ಈ ಸಾಲುಗಳು ಒಂದೊಂದಾಗಿ ತಗ್ಗಿಸುತ್ತವೆ. ಕಡಲಿಗೆ ನೇರ ಎದುರಾಗಿರುವ ಕಟ್ಟಡಗಳಲ್ಲಿ ಕಿಟಕಿಯ ಸರಳು, ಬಾಗಿಲ ಕೀಲು, ಫ್ಯಾನು, ಫ್ರಿಜ್ಜು ಎಲ್ಲಕ್ಕೂ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಅಲ್ಲಿ ವಾಸವಿರುವವರಿಗೆ ಗೊತ್ತು. ಉಪ್ಪಿನ ಅಂಶ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಲುಪಿದರೆ ಸರಳು ತುಕ್ಕು ಹಿಡಿದು ಉಬ್ಬಿ, ಛಾವಣಿಯೇ ಹೋಳುಹೋಳಾಗಿ ಉದುರತೊಡಗುತ್ತದೆ.

ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ, ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ತೀರಗಳಲ್ಲಿ ಭರತದ ವೇಳೆ ನೀರು ಏರಿ ತಲುಪುವ ಗೆರೆಯಿಂದ 200 ಮೀಟರ್‌ವರೆಗಿನ ಪಟ್ಟಿಯು ಹೊಸ ನಿರ್ಮಾಣಕ್ಕೆ ನಿಷಿದ್ಧವಾದ ಪ್ರದೇಶ. ಕೆಲವರಿಗೆ ಇದು ಅಡ್ಡಿಯಂತೆ ಕಾಣುತ್ತದೆ. ಮಳೆಗಾಲದ ಕಡಲ್ಕೊರೆತದಲ್ಲಿ ತೆಂಗಿನ ಮರಗಳು ಬುಡಸಮೇತ ನೀರಿಗೆ ಬೀಳುವುದನ್ನು ಕಂಡ ನನಗೆ ಅದು ಅಡ್ಡಿ ಎನ್ನಿಸಿಲ್ಲ.

ಆದರೆ ಮಕ್ಕಳ ಹೆತ್ತವರಿಗೆ ನಾನು ಹೇಳುವ ಕಾರಣ ಇವೆಲ್ಲಕ್ಕಿಂತ ಸರಳವಾದದ್ದು. ಬಾಗಿಲು ತೆರೆದರೆ ಮರಳು, ಮರಳು ದಾಟಿದರೆ ನೀರು ಎಂಬಂತಹ ಮನೆಯಲ್ಲಿ ಮೂರು ವರ್ಷದ ಮಗುವಿನ ತಾಯಿ ಒಂದು ಕ್ಷಣವೂ ಕಣ್ಣು ಬೇರೆ ಕಡೆ ಹೊರಳಿಸುವಂತಿಲ್ಲ. ರಜೆಯೆಂದು ಬಂದವಳು ಮನೆಯಲ್ಲಿದ್ದುದಕ್ಕಿಂತ ಹೆಚ್ಚಿನ ಕಾವಲು ಕಾಯಬೇಕಾಗುತ್ತದೆ. ನಡುವೆ ಅಂಗಳ, ಗೇಟು, ತೋಟ, ದಿಬ್ಬ ಎಂದು ನಾಲ್ಕು ಹಂತಗಳಿದ್ದಾಗ ಕಡಲಿಗೆ ಹೋಗುವುದು ಎಲ್ಲರೂ ಕೂಡಿ ತೀರ್ಮಾನಿಸಿ ಹೊರಡುವ ಕೆಲಸವಾಗುತ್ತದೆಯೇ ಹೊರತು, ಮಗು ತಾನಾಗಿ ನಡೆದು ತಲುಪುವ ಜಾಗವಾಗಿ ಉಳಿಯುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಜಗಲಿಯಲ್ಲಿ ಕುಳಿತು ಬಿಸಿ ಚಹಾ ಕುಡಿದು ಮುಗಿಸುವುದು ಸಾಧ್ಯವಾಗುವುದು ಇಂತಹ ಮನೆಯಲ್ಲಿ.

ಈಗ ಮನೆಯ ವಿಷಯ. ಗೋಡೆ ಮುರಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತ ಹೋಗುವ ಈ ಕೆಂಪು ಕಲ್ಲು ಕರಾವಳಿಯ ಮಳೆಗೂ ಬಿಸಿಲಿಗೂ ಹೊಂದಿಕೊಂಡದ್ದು. ಮೇಲೆ ಮರದ ಪಕ್ಕಾಸು, ರೀಪು, ಅದರ ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ತಯಾರಿಕೆ ಈ ಕರಾವಳಿಯ ಮನೆಗಳ ರೂಪವನ್ನೇ ಬದಲಿಸಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿಗೆ ಒಂದರ ಅಂಚಿಗೆ ಇನ್ನೊಂದು ಕಚ್ಚಿ ಕೂರುವ, ಇಳಿಜಾರಿನಲ್ಲಿ ನೀರನ್ನು ಸರಾಗವಾಗಿ ಇಳಿಸುವ ಆ ಹಂಚು ತಕ್ಕದ್ದಾಗಿತ್ತು. ಬೇಸಗೆಯಲ್ಲೂ ಅದರ ಉಪಯೋಗವಿದೆ. ಕೋಣೆಯೊಳಗೆ ಕಾದ ಗಾಳಿ ಮೇಲೇರಿ ಹಂಚುಗಳ ಸಂದುಗಳಿಂದ ಹೊರಗೆ ಹೋಗುತ್ತದೆ. ತಾರಸಿ ಮನೆಯಲ್ಲಿ ಆಗುವಂತೆ ರಾತ್ರಿ ಹನ್ನೊಂದರವರೆಗೆ ನೆತ್ತಿಯ ಮೇಲೆ ಬಿಸಿ ಕೂತಿರುವುದಿಲ್ಲ. ಅಲ್ಲಲ್ಲಿ ಕೂರಿಸಿದ ಗಾಜಿನ ಹಂಚುಗಳಿಂದ ಹಗಲಿನಲ್ಲಿ ಒಳಗೆ ಬೆಳಕಿನ ಚೌಕಗಳು ಬೀಳುತ್ತವೆ. ಹೊತ್ತು ಏರಿದಂತೆ ಅವು ನೆಲದ ಮೇಲೆ ಸರಿಯುವುದನ್ನು ಹಿಂಬಾಲಿಸಿ ಆಡುವುದು ಬಂದ ಮಕ್ಕಳೆಲ್ಲ ತಾವಾಗಿಯೇ ಕಂಡುಕೊಳ್ಳುವ ಆಟ.

ಮನೆ ಪೂರ್ವಕ್ಕೆ ಮುಖ ಮಾಡಿದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೆಚ್ಚಿನವು ಹೀಗೆಯೇ ಇವೆ. ಕಡಲು ಅವುಗಳ ಬೆನ್ನ ಹಿಂದೆ. ನೈಋತ್ಯ ದಿಕ್ಕಿನಿಂದ ಗಾಳಿಯೊಂದಿಗೆ ನುಗ್ಗುವ ಮುಂಗಾರು ಮಳೆ ಜಗಲಿಗೆ ನೇರವಾಗಿ ಎರಚದಿರಲು ಇದು ನೆರವಾಗುತ್ತದೆ. ಹೆಬ್ಬಾಗಿಲು ಮತ್ತು ಹಿತ್ತಿಲ ಬಾಗಿಲು ಒಂದೇ ಸಾಲಿನಲ್ಲಿವೆ. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾದು, ಅದರ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ; ತೆರವಾದ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ಬರುತ್ತದೆ. ಹಾಗೆ ಬಂದ ಗಾಳಿ ಹಿತ್ತಿಲಿನಿಂದ ಒಳಹೊಕ್ಕು ಚಾವಡಿಯನ್ನು ದಾಟಿ ಜಗಲಿಯಿಂದ ಹೊರಗೆ ಹೋಗುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿಯ ದಿಕ್ಕು ತಿರುಗುತ್ತದೆ. ಎರಡು ಬಾಗಿಲುಗಳ ನಡುವಿನ ಈ ಹಾದಿಯಲ್ಲಿ ಚಾಪೆ ಹಾಸಿ ಮಲಗಿದ ಮಗು ಮಧ್ಯಾಹ್ನ ಬೆವರದೆ ನಿದ್ದೆ ಮಾಡುತ್ತದೆ. ನಾವು ಎ.ಸಿ. ಹಾಕಿಸಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಅದರ ಅಗತ್ಯ ಬೀಳುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳ ಸೆಕೆ ಮಾತ್ರ ಬೇರೆಯೇ ಜಾತಿಯದು, ಬಯಲುಸೀಮೆಯಿಂದ ಬರುವವರು ಅದನ್ನು ತಿಳಿದುಕೊಂಡೇ ಬರಬೇಕು.

ದುರಸ್ತಿಯಲ್ಲಿ ನಾವು ಬದಲಿಸಿದ್ದು ಕಡಿಮೆ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಬಂತು, ಮನೆಗೆ ತಾಗಿದಂತೆ ಜಾರದ ನೆಲದ ಬಚ್ಚಲುಮನೆ ಬಂತು, ಜಗಲಿಯ ಮೆಟ್ಟಿಲಿಗೆ ಹಿರಿಯರು ಹಿಡಿದುಕೊಳ್ಳಲು ಕಂಬಿ ಬಂತು. ಬಾವಿಕಟ್ಟೆಯ ಮೇಲೆ ಬೀಗ ಹಾಕುವ ಗಟ್ಟಿ ಜಾಲರಿಯ ಮುಚ್ಚಳವಿದೆ. ಮಲಗಲು ಎರಡು ಕೋಣೆ. ಒಂದರಲ್ಲಿ ಅಗಲವಾದ ಮಂಚ, ಇನ್ನೊಂದರಲ್ಲಿ ನೆಲದ ಮೇಲೆ ಹಾಸಿಗೆಗಳು ಮಾತ್ರ, ಏಕೆಂದರೆ ಹೊಸ ಜಾಗದಲ್ಲಿ ಮಂಚದಿಂದ ಉರುಳುವ ವಯಸ್ಸಿನ ಮಕ್ಕಳಿಗೆ ನೆಲಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಮಿಕ್ಸಿ, ಹಾಲು ಕಾಯಿಸುವ ಪಾತ್ರೆಯಿಂದ ಇಡ್ಲಿ ಅಟ್ಟದವರೆಗೆ ಎಲ್ಲವೂ ಇವೆ. ಸಣ್ಣ ಮಗುವಿನ ತಾಯಿಗೆ ರಾತ್ರಿ ಎರಡು ಗಂಟೆಗೆ ಬಿಸಿನೀರು ಬೇಕಾದರೆ ಯಾರನ್ನೂ ಎಬ್ಬಿಸುವಂತಾಗಬಾರದು. ಹೋಟೆಲಿನ ಕೋಣೆ ಎಷ್ಟೇ ಚೆನ್ನಾಗಿದ್ದರೂ ಈ ಒಂದು ಅನುಕೂಲವನ್ನು ಅದು ಕೊಡಲಾರದು ಎಂಬುದೇ ಇಂತಹ ಮನೆಗಳ ಪರವಾಗಿ ನಾನು ಹೇಳಬಲ್ಲ ಅತಿ ಮುಖ್ಯವಾದ ಮಾತು.

ಬಾವಿಯ ನೀರಿನ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಒಂದೇ ಕುಟುಂಬಕ್ಕೆ ಕೊಡುವ ನಮ್ಮ ತೀರ್ಮಾನದ ಹಿಂದೆ ಇರುವುದು ಅದು. ಕಡಲ ಪಕ್ಕದ ಮರಳು ನೆಲದಲ್ಲಿ ಮಳೆಯಿಂದ ಇಂಗಿದ ಸಿಹಿನೀರು, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೇಲಿಕೊಂಡಂತೆ ನಿಂತಿರುತ್ತದೆ. ಸಿಹಿನೀರಿನ ತೂಕ ಉಪ್ಪುನೀರಿಗಿಂತ ಸ್ವಲ್ಪ ಮಾತ್ರ ಕಡಿಮೆ. ಆದ್ದರಿಂದ ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರೇ ಇರುತ್ತದೆ ಎಂಬುದು ಭೂಜಲ ಶಾಸ್ತ್ರದ ಸಾಮಾನ್ಯ ಲೆಕ್ಕ. ಕೇಳಲು ಇದು ದೊಡ್ಡ ಸಂಪತ್ತಿನಂತೆ ತೋರುತ್ತದೆ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಪಂಪಿನಿಂದ ಎಳೆದೆಳೆದು ಮೇಲಿನ ಮಟ್ಟವನ್ನು 1 ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು ಕ್ರಮೇಣ 40 ಅಡಿ ಮೇಲೇರಿ ಬರಲು ದಾರಿಯಾಗುತ್ತದೆ. ತೀರದ ಹಳ್ಳಿಗಳಲ್ಲಿ ಬೇಸಗೆಯ ಕೊನೆಗೆ ಬಾವಿ ನೀರು ಉಪ್ಪಾಗುವುದಕ್ಕೆ ಮಳೆ ಇಲ್ಲದಿರುವುದರ ಜೊತೆಗೆ ಈ ಎಳೆತವೂ ಕಾರಣ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಒಳ್ಳೆಯ ಮಳೆಗಾಲಗಳೇ ಬೇಕು. ನಾವು ಎಳೆಯುವ ನೀರಿನ ಸೆಲೆಯನ್ನೇ ಅಕ್ಕಪಕ್ಕದ ಮೀನುಗಾರ ಕುಟುಂಬಗಳೂ ಕುಡಿಯಲು ನೆಚ್ಚಿಕೊಂಡಿರುವಾಗ, ಈಜುಕೊಳ ತುಂಬಿಸಲು ಅಥವಾ ನಾಲ್ಕೈದು ಕೋಣೆಗಳ ಷವರ್ ಓಡಿಸಲು ಆ ನೀರನ್ನು ಬಳಸುವುದು ನನಗೆ ಸರಿಯೆನ್ನಿಸಲಿಲ್ಲ. ಬಚ್ಚಲಲ್ಲಿ ಹಂಡೆ, ತಂಬಿಗೆ ಇವೆ. ಪೇಟೆಯ ಮಕ್ಕಳು ಹಂಡೆಯ ಬಿಸಿನೀರನ್ನು ಮೊಗೆದು ಮೊಗೆದು ಸುರಿದುಕೊಂಡು ಪಡುವ ಸಂತೋಷವನ್ನು ಕಂಡವರು ಷವರ್ ಇಲ್ಲವೆಂದು ಕೊರಗುವುದಿಲ್ಲ.

ಕಡಲಿಗೆ ಇಳಿಯುವ ವಿಷಯದಲ್ಲಿ ನಾವು ಬಂದವರಿಗೆ ಮೊದಲ ದಿನವೇ ಕೆಲವು ಮಾತುಗಳನ್ನು ಹೇಳುತ್ತೇವೆ. ಮನೆ ನೋಡಿಕೊಳ್ಳುವ, ನೆರೆಮನೆಯ ಹಿರಿಯ ಹೆಂಗಸು ಹೊತ್ತಲ್ಲದ ಹೊತ್ತಿನಲ್ಲಿ ಹೊರಟವರನ್ನು ಅಂಗಳದಲ್ಲೇ ತಡೆದು, “ಬಿಸ್ಲಲ್ಲಿ ಮಕ್ಕಳ್ನ ಕರ್ಕಂಡ್ ಹೋಪ್ದ್ ಬ್ಯಾಡ ಮಗಾ, ಕಡ್ಲ್ ಎಲ್ಲಿಗೂ ಹೋತಿಲ್ಲೆ” ಎನ್ನುತ್ತಾರೆ. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕೂವರೆಯ ನಂತರ ಮಕ್ಕಳಿಗೆ ಹಿತ. ಭರತ ಮತ್ತು ಇಳಿತಗಳು ದಿನಕ್ಕೆ ಎರಡೆರಡು ಸಲ ಬರುತ್ತವೆ, ಮತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನೀರು ಇಳಿದಾಗ ಹರವಾದ ಒದ್ದೆ ಮರಳು ಸಿಗುವುದರಿಂದ ಏಡಿಗಳ ಹಿಂದೆ ಓಡಲೂ ಚಿಪ್ಪು ಆರಿಸಲೂ ಅದೇ ಒಳ್ಳೆಯ ಹೊತ್ತು.

ದೊಡ್ಡವರು ಕಲಿಯಲೇಬೇಕಾದದ್ದು ಸೆಳೆತವನ್ನು ಗುರುತಿಸುವುದು. ಎರಡೂ ಬದಿಯಲ್ಲಿ ಅಲೆಗಳು ನೊರೆಯೆದ್ದು ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ನುಣುಪಾಗಿ ಕಂಡರೆ ಅಲ್ಲಿ ಇಳಿಯಬಾರದು. ದಡಕ್ಕೆ ಬಂದ ನೀರು ವೇಗವಾಗಿ ಹಿಂದಕ್ಕೆ ಹೋಗುವ ದಾರಿ ಹೆಚ್ಚಾಗಿ ಅದೇ. ಹೊಸಬರು ಅಲೆ ಕಡಿಮೆ ಎಂದು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುವುದನ್ನು ನೋಡಿ ನಾನು ಹಲವು ಸಲ ಕೂಗಿ ಕರೆದಿದ್ದೇನೆ. ಸಿಕ್ಕಿಕೊಂಡವರು ದಡದತ್ತ ನೇರವಾಗಿ ಈಜಿ ಸುಸ್ತಾಗುವ ಬದಲು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದ ಪಟ್ಟಿಯಿಂದ ಹೊರಬರಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಯಾವ ವಿದ್ಯೆಯೂ ನೆರವಾಗುವುದಿಲ್ಲ. ಅವರ ಕೈ ದೊಡ್ಡವರ ಕೈಯಲ್ಲೇ ಇರಬೇಕು, ನೀರು ಅವರ ಮೊಣಕಾಲು ದಾಟಬಾರದು. ನದಿಯ ಕಡೆ ಅಲೆಗಳಿಲ್ಲವೆಂದು ಅಲ್ಲಿಗೆ ಇಳಿಯುವುದೂ ಬೇಡ. ಆಳ ಒಮ್ಮೆಲೇ ಹೆಚ್ಚುವ ನದಿ ಸಮುದ್ರಕ್ಕಿಂತ ಕಡಿಮೆ ಅಪಾಯದ್ದಲ್ಲ. ಅಲೆಯಾಟದ ಜೊತೆಗೆ ಕಾವಲಿನವರೂ ಇರುವ ತೀರವೇ ಬೇಕೆನ್ನುವವರು ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಗೋ ಹೊನ್ನಾವರ ಬಳಿಯ ಕಾಸರಕೋಡಿಗೋ ಒಂದು ದಿನದ ಮಟ್ಟಿಗೆ ಹೋಗಿ ಬರಬಹುದು.

ರಾತ್ರಿ ಹಿತ್ತಿಲ ಕಡೆ ನಾವು ದೀಪ ಹಾಕುವುದಿಲ್ಲ. ಚಳಿಗಾಲದ ತಿಂಗಳುಗಳಲ್ಲಿ ಕುಂದಾಪುರ ಸೀಮೆಯ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸಿನ ಮೊಟ್ಟೆಗಳಿರುತ್ತವೆ. 45ರಿಂದ 60 ದಿನಗಳಲ್ಲಿ ಮರಿಗಳು ಮರಳಿನಿಂದ ಮೇಲೆದ್ದು, ಹೆಚ್ಚು ಬೆಳಕಿರುವ ದಿಕ್ಕನ್ನೇ ಕಡಲೆಂದು ತಿಳಿದು ಅತ್ತ ಸಾಗುತ್ತವೆ. ಕತ್ತಲೆಯ ತೀರದಲ್ಲಿ ಆ ಬೆಳಕು ನೀರಿನ ಮೇಲಿನದಾಗಿರುತ್ತದೆ. ರೆಸಾರ್ಟಿನ ದೀಪಗಳಿದ್ದರೆ ಮರಿಗಳು ದಿಕ್ಕು ತಪ್ಪಿ ನೆಲದತ್ತ ಬಂದು ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವುಗಳಿಗೆ ರಕ್ಷಣೆಯಿದೆ. ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ. ಮಕ್ಕಳಿಗೆ ಇದನ್ನು ವಿವರಿಸಿದ ಮೇಲೆ ರಾತ್ರಿ ಹಿತ್ತಿಲ ದೀಪ ಆರಿದೆಯೇ ಎಂದು ನೋಡಿ ಬರುವ ಕೆಲಸವನ್ನು ಅವರೇ ವಹಿಸಿಕೊಳ್ಳುತ್ತಾರೆ.

ಊಟ ನೆರೆಮನೆಯ ಅಡುಗೆಯಿಂದ ಬರುತ್ತದೆ. ಬೇಡವೆಂದರೆ ತಾವೇ ಮಾಡಿಕೊಳ್ಳಬಹುದು. ಬೆಳಗ್ಗೆ ನೀರುದೋಸೆ ಅಥವಾ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು, ಮೀನು ತಿನ್ನುವವರಿಗೆ ಆ ದಿನ ಸಿಕ್ಕ ಮೀನು. ಖಾರ ತಿನ್ನದ ಮಕ್ಕಳಿಗೆ ಕುಚ್ಚಲಕ್ಕಿ ಗಂಜಿಗೆ ತುಪ್ಪ, ಉಪ್ಪು ಹಾಕಿ ಕೊಡುತ್ತಾರೆ, ಅದನ್ನು ಬೇಡವೆಂದ ಮಗುವನ್ನು ನಾನು ಕಂಡಿಲ್ಲ. ಬೆಳಗಿನ ಹೊತ್ತು ತೀರದಲ್ಲಿ ಮೀನುಗಾರರು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಲೇಬೇಕು. ಹಗ್ಗಕ್ಕೆ ಕೈ ಹಾಕಿದ ಮಕ್ಕಳನ್ನು ಅವರು ಎಂದೂ ಗದರುವುದಿಲ್ಲ, ಬುಟ್ಟಿಗೆ ಬಿದ್ದ ಬಂಗುಡೆ ಬೈಗೆಗಳನ್ನು ಹೆಸರು ಹೇಳಿ ತೋರಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಮೀನು ಕಡಿಮೆ, ಬೆಲೆ ಹೆಚ್ಚು.

ಸುತ್ತಾಡಲು ಕೊಲ್ಲೂರು, ಮುರುಡೇಶ್ವರ, ಗಂಗೊಳ್ಳಿಯ ಬಂದರು ಎಲ್ಲವೂ ಒಂದು ಹಗಲಿನ ದಾರಿಯಲ್ಲಿವೆ. ಎಲ್ಲವನ್ನೂ ನೋಡಿಯೇ ತೀರಬೇಕೆಂದು ಹೊರಟವರ ಮಕ್ಕಳು ಕಾರಿನಲ್ಲೇ ಅರ್ಧ ರಜೆ ಕಳೆಯುತ್ತಾರೆ. ನನ್ನ ಸಲಹೆ ಬೇರೆ. ನವೆಂಬರಿನಿಂದ ಮೇ ತಿಂಗಳವರೆಗೆ ಬಡಗುತಿಟ್ಟು ಯಕ್ಷಗಾನದ ಮೇಳಗಳು ಊರೂರು ತಿರುಗುತ್ತಿರುತ್ತವೆ. ಹತ್ತಿರದಲ್ಲಿ ಹರಕೆಯಾಟವಿದ್ದರೆ ಸಂಜೆಯೇ ಹೋಗಿ, ಚೌಕಿಯಲ್ಲಿ ವೇಷಧಾರಿಗಳು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಬೇಕು. ಪ್ರಸಂಗದ ಮೊದಲ ಒಂದು ಗಂಟೆ ನೋಡಿ ನಿದ್ದೆ ಬಂದವರನ್ನು ಎತ್ತಿಕೊಂಡು ಬಂದರೂ ನಷ್ಟವಿಲ್ಲ.

ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲವಾದ ರೈಲು. 2020ರಲ್ಲಿ ಆರಂಭವಾದ ಇದು ಸಂಜೆ ಹೊರಟು ಸಕಲೇಶಪುರ ಘಾಟಿಯನ್ನು ರಾತ್ರಿ ದಾಟಿ, ಬೆಳಗಾಗುವ ಹೊತ್ತಿಗೆ ಕುಂದಾಪುರವನ್ನು ತಲುಪಿ ಮುಂದೆ ಕಾರವಾರಕ್ಕೆ ಹೋಗುತ್ತದೆ. ಗಂಗೊಳ್ಳಿಯ ಬಳಿ ಸೇರುವ ಐದು ನದಿಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳಿಗೆ ಬಸ್ಸು ಕಾರುಗಳಿಗಿಂತ ಇದು ಎಷ್ಟೋ ಮೇಲು. ಔಷಧದ ಚೀಲವನ್ನು ಮರೆಯದೆ ತನ್ನಿ. ಕುಂದಾಪುರದಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ದೊಡ್ಡ ಆಸ್ಪತ್ರೆ ಬೇಕಾದರೆ ಮಣಿಪಾಲಕ್ಕೆ ಒಂದು, ಒಂದೂವರೆ ಗಂಟೆಯ ದಾರಿ.

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಜೊತೆಗೆ ಒಬ್ಬರು ಅಜ್ಜಿಯೋ ಅಜ್ಜನೋ ಇದ್ದರೆ ಮನೆ ತುಂಬುತ್ತದೆ. ಅದಕ್ಕಿಂತ ಹೆಚ್ಚು ಜನಕ್ಕೆ ನಾವು ಕೊಡುವುದಿಲ್ಲ, ಮತ್ತು ಬಾವಿಯ ನೀರು ತಳ ಕಾಣತೊಡಗಿದ ಮೇಲೆ ಮಳೆ ಹಿಡಿಯುವವರೆಗೆ ಯಾರಿಗೂ ಕೊಡುವುದಿಲ್ಲ. ಬೇಸಗೆ ರಜೆಯಲ್ಲೇ ಬರಬೇಕೆನ್ನುವವರು ಏಪ್ರಿಲ್ ಮೊದಲ ಎರಡು ವಾರಗಳಲ್ಲಿ ಬಂದು ಹೋಗುವುದು ಒಳ್ಳೆಯದು. ಜೂನ್, ಜುಲೈ ತಿಂಗಳುಗಳಲ್ಲಿ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿರುತ್ತೇವೆ, ಕರೆಂಟು ಆಗಾಗ ಹೋಗುತ್ತದೆ, ಕಡಲಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಇಷ್ಟೆಲ್ಲ ಕೇಳಿಯೂ ಮಳೆ ನೋಡಲೆಂದೇ ಬರುತ್ತೇವೆ ಎನ್ನುವ ಕುಟುಂಬಗಳಿವೆ. ಅವರಿಗೆ ಆ ತಿಂಗಳುಗಳಲ್ಲೂ ಬಾಗಿಲು ತೆರೆದಿದೆ. ದಪ್ಪ ಹೊದಿಕೆಗಳು, ಒಣ ಸೌದೆ, ಹಪ್ಪಳ ಸಂಡಿಗೆಯ ಡಬ್ಬಗಳು ಮೇ ತಿಂಗಳಲ್ಲೇ ಸಿದ್ಧವಾಗಿರುತ್ತವೆ.